ಎರಡು ಸೂಜಿಯ ಹೊಲಿಗೆ

ಒಂದು ಮಾತನ್ನು ತಪ್ಪಾಗಿ ತಿಳಿದುಕೊಂಡು ನಾನು ನಲವತ್ತು ಚರ್ಮದ ಚೀಲ ಹೊಲಿದೆ. ತಪ್ಪು ಗೊತ್ತಾಗುವ ಹೊತ್ತಿಗೆ ಆ ಚೀಲಗಳು ನಲವತ್ತು ಜನರ ಸೊಂಟದಲ್ಲಿ, ನೆಲದಿಂದ ಆರೇಳು ಮಹಡಿ ಮೇಲೆ ತೂಗಾಡುತ್ತಿದ್ದವು.

ಹೈದರಾಬಾದಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಏಳಿಸುತ್ತಿದ್ದ ಕಾಲ ಅದು. ಊರಿಗೆ ಊರೇ ಕಂಪ್ಯೂಟರಿನ ಮಾತಾಡುತ್ತಿತ್ತು. ನಾರಾಯಣಗೂಡದ ಕೋಚಿಂಗ್ ಸೆಂಟರುಗಳ ಹಿಂದಿನ ಓಣಿಯಲ್ಲಿ ನನ್ನ ಕಾರ್ಖಾನೆ. ಕಾರ್ಖಾನೆ ಎಂದು ನಾನು ಕರೆಯುತ್ತಿದ್ದೆ, ನೋಡಿದವರು ಎರಡು ಕೋಣೆ ಎನ್ನುತ್ತಿದ್ದರು. ಲ್ಯಾಪ್‌ಟಾಪ್ ಚೀಲ, ಫೈಲಿನ ಹೊದಿಕೆ, ಗುರುತಿನ ಚೀಟಿ ಸಿಕ್ಕಿಸುವ ಪಟ್ಟಿ, ಇಂಥವನ್ನು ಹೊಲಿದು ಕೊಡುವುದು ನನ್ನ ಕೆಲಸ. ಆ ವರ್ಷ ಹೊಸದೊಂದು ಯಂತ್ರ ಬಂದಿತ್ತು. ಅದಕ್ಕೆ ಅಕ್ಕಪಕ್ಕ ಎರಡು ಸೂಜಿ. ಒಮ್ಮೆ ಓಡಿಸಿದರೆ ಎರಡು ಸಾಲು ಹೊಲಿಗೆ, ಒಂದರ ಪಕ್ಕ ಇನ್ನೊಂದು, ರೈಲು ಹಳಿಯಷ್ಟು ನೇರ. ಬಂದವರಿಗೆಲ್ಲ ಅದನ್ನು ತೋರಿಸುವ ಚಟ ನನಗೆ ಹತ್ತಿತ್ತು.

ಆಗ ಬಂದವನು ಮೇಸ್ತ್ರಿ. ಲಿಂಗಸುಗೂರಿನ ಕಡೆಯವನು, ಗಾಜು ಕೂಡಿಸುವ ನಲವತ್ತು ಜನರ ತಂಡಕ್ಕೆ ಮುಂದಾಳು. ನಾನು ಓಣಿಯಲ್ಲಿ ಫೋನಿನಲ್ಲಿ ಅಣ್ಣನ ಜೊತೆ ಕನ್ನಡದಲ್ಲಿ ಜಗಳವಾಡುತ್ತಿದ್ದುದನ್ನು ಕೇಳಿಯೇ ಅವನಿಗೆ ಅರ್ಧ ನಂಬಿಕೆ ಬಂತಂತೆ. ಅವನ ಜನ ಸುತ್ತಿಗೆ, ನಟ್ಟು ಬಿಗಿಯುವ ಪಾನಾ, ತಿರುಪು ಎಲ್ಲವನ್ನೂ ಸೊಂಟದ ಚೀಲದಲ್ಲಿಟ್ಟುಕೊಂಡು ಸಾರವೆ ಹತ್ತುವವರು. ಬಟ್ಟೆಯ ಚೀಲಗಳು ಎರಡು ತಿಂಗಳಿಗೇ ತಳ ಬಿಡುತ್ತಿದ್ದವು. ಅವನು ಕಾಚಿಗೂಡದಲ್ಲಿ ರೈಲಿಳಿದು ಬರುವಾಗ, ಸ್ಟೇಷನ್ ಹಿಂದೆ ಮದುವೆ ಕುದುರೆಗಳ ಜೀನು ಹೊಲಿಯುವ ಮುದುಕರೊಬ್ಬರನ್ನು ಕಂಡು ಕೇಳಿದ್ದಾನೆ. ಒಬ್ಬನ ಕೈಯಲ್ಲಿ ನಲವತ್ತು ಆಗದು ಎಂದು ಅವರು ನನ್ನ ವಿಳಾಸ ಹೇಳಿದ್ದಾರೆ. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಲ್ಯಾಪ್‌ಟಾಪ್ ಚೀಲಗಳಿಗೆ ಪಟ್ಟಿ ಕೊಳ್ಳಲು ನಾನೂ ಅವರಲ್ಲಿಗೆ ಹೋಗುತ್ತಿದ್ದೆ.

“ಅಕ್ಕಾರ, ಎರಡ ಸೂಜಿ ಹೊಲಿಗೀನ ಆಗಬೇಕು ನೋಡ್ರಿ,” ಎಂದ ಮೇಸ್ತ್ರಿ. “ಎರಡ ಸೂಜಿ ಇದ್ರ ಮಾತ್ರ ತಡೀತೈತಿ ಅಂತ ಆ ಮುದುಕಪ್ಪ ಭಾಳ ಒತ್ತಿ ಹೇಳ್ಯಾನ.”

ನನಗೆ ಅಷ್ಟೇ ಬೇಕಾಗಿತ್ತು. “ಎರಡ ಸೂಜಿ ಏನ್ ದೊಡ್ಡ ಮಾತ್ರಿ? ನನ್ನ ಮಷೀನಿಗೇ ಎರಡ ಸೂಜಿ ಅದಾವು. ಬರ್ರಿ ಇಲ್ಲೆ,” ಎಂದು ಕೈಹಿಡಿದು ಎಳೆಯುವುದೊಂದು ಬಾಕಿ. ಚೂರು ಚರ್ಮ ಇಟ್ಟು ಯಂತ್ರ ಓಡಿಸಿ ತೋರಿಸಿದೆ. ಅವನು ಬಗ್ಗಿ ನೋಡಿದ.

“ಹೌದಲ್ರೀ! ಎರಡೂ ಕೂಡೇ ಇಳಿತಾವು,” ಎಂದ. ಅವನಿಗೂ ಸಮಾಧಾನ, ನನಗೂ ಸಮಾಧಾನ.

ದಪ್ಪ ಎಮ್ಮೆ ಚರ್ಮ ತಂದೆ. ಅಚ್ಚಿಟ್ಟು ಕತ್ತರಿಸಿ, ಅಂಚುಗಳನ್ನು ಅಂಟಿಸಿ, ಎರಡು ಸಾಲು ಹೊಲಿದೆ. ಹತ್ತಿರ ಹತ್ತಿರ ಹೊಲಿದಷ್ಟೂ ಗಟ್ಟಿ ಎಂದುಕೊಂಡು ಯಂತ್ರದ ಹೊಲಿಗೆಯ ಅಂತರವನ್ನು ಕಿರಿದು ಮಾಡಿಟ್ಟೆ. ನಾಲ್ಕೇ ದಿನಕ್ಕೆ ನಲವತ್ತೂ ಮುಗಿದವು. ನೋಡಲು ಚೆಂದವಾಗಿದ್ದವು, ಅದನ್ನು ಈಗಲೂ ಒಪ್ಪುತ್ತೇನೆ.

ತಿಂಗಳು ತುಂಬುವ ಮೊದಲೇ ಮೇಸ್ತ್ರಿ ಮತ್ತೆ ಬಂದ. ಟವೆಲಿನಲ್ಲಿ ಸುತ್ತಿದ್ದ ಒಂದು ಚೀಲವನ್ನು ಮೇಜಿನ ಮೇಲಿಟ್ಟ. ಅವನು ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ.

“ಆರನೇ ಮಾಳಿಗಿ ಮ್ಯಾಲಿಂದ ನಮ್ಮ ಹುಡುಗಂದು ತಳ ಕಿತ್ತು ಬಂತ್ರಿ. ಸುತ್ತಿಗಿ ಉಸುಕಿನಾಗ ಬಿತ್ತು. ಪಾನಾ ನಮ್ಮಾಕಿ ಹೆಗಲಿಗೆ ಬಡೀತು.”

ಮೇಸ್ತ್ರಿಯ ಹೆಂಡತಿ ಅದೇ ಕಟ್ಟಡದ ಬುಡದಲ್ಲಿ ಉಸುಕು ಹೊರುವ ಕೆಲಸಕ್ಕಿದ್ದಳು. ಮೂಳೆ ಮುರಿದಿರಲಿಲ್ಲ. ಡಾಕ್ಟರು ಎಡಗೈಗೆ ಜೋಳಿಗೆ ಕಟ್ಟಿ ಕಳಿಸಿದ್ದರು. “ಒಂದ ಗೇಣ ಈ ಕಡೆ ಬಂದಿದ್ರ ತಲೀಗೇ ಬೀಳತಿತ್ತು,” ಎಂದು ಮೇಸ್ತ್ರಿ ತನ್ನ ಕೈಯಿಂದಲೇ ಗೇಣು ಅಳೆದು ತೋರಿಸಿದ.

ನನ್ನದೊಂದು ಸ್ವಭಾವ: ತಪ್ಪು ಎಲ್ಲಿದೆ ಎಂದು ಊರೆಲ್ಲ ಹುಡುಕಿ ಕೊನೆಗೆ ಮನೆಗೆ ಬರುತ್ತೇನೆ. ಚರ್ಮದವನು ಮೋಸ ಮಾಡಿರಬೇಕು ಎಂದೆ. ಭಾರ ಹೆಚ್ಚು ಹಾಕಿರಬೇಕು ಎಂದೆ. ಮೇಸ್ತ್ರಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಅವನು ಹೋದ ಮೇಲೆ ಚೀಲವನ್ನು ಬೆಳಕಿಗೆ ಹಿಡಿದೆ. ಒಂದು ಕಡೆ ಚರ್ಮವು ಸೂಜಿಯ ತೂತುಗಳ ಗುಂಟ ಅಂಚೆಚೀಟಿ ಹರಿದಂತೆ ಹರಿದಿತ್ತು. ಇನ್ನೊಂದು ಕಡೆ ಪಾನಾದ ಚೂಪು ಅಂಚಿಗೆ ಒಳಗಿನ ದಾರ ಸವೆದು ತುಂಡಾಗಿ, ಅಲ್ಲಿಂದ ಎರಡೂ ದಿಕ್ಕಿಗೆ ಹೊಲಿಗೆ ಬಿಚ್ಚಿಕೊಂಡಿತ್ತು. ಅಂದೇ ಮಧ್ಯಾಹ್ನ ಅದನ್ನು ಹಿಡಿದು ಕಾಚಿಗೂಡಕ್ಕೆ ಬಸ್ಸು ಹತ್ತಿದೆ.

ಉಸ್ತಾದ್ ಚೀಲವನ್ನು ಮುಟ್ಟಿ ನೋಡಿದರು. ಅವರ ಕಣ್ಣು ಮಂಜಾಗಿ ವರ್ಷಗಳಾಗಿದ್ದವು, ನೋಡುವುದೆಲ್ಲ ಬೆರಳಿನಲ್ಲೇ. “ಯೇ ಕ್ಯಾ ಹೈ ಬೇಟಿ?” ಎಂದರು.

“ದೋ ಸೂಯಿ. ನೀವೇ ಹೇಳಿದ್ದಲ್ಲ, ಎರಡು ಸೂಜಿ?”

ಅವರು ಹೊಟ್ಟೆ ಹಿಡಿದು ನಕ್ಕರು. ನಾನು ಮೇಸ್ತ್ರಿಯ ಹೆಂಡತಿಯ ಹೆಗಲಿನ ವಿಷಯ ಹೇಳಿದೆ. ನಗು ನಿಂತಿತು. ಕೆಲಸದಲ್ಲಿದ್ದ ಜೀನಿನ ಪಟ್ಟಿಯನ್ನು ಮೊಣಕಾಲ ಮಧ್ಯದ ಮರದ ಇಕ್ಕಳಕ್ಕೆ ಸಿಕ್ಕಿಸಿ, “ಬೈಠೋ, ದೇಖೋ,” ಎಂದರು.

ಒಂದೇ ದಾರ. ಅದರ ಎರಡು ತುದಿಗೂ ಒಂದೊಂದು ಸೂಜಿ. ಆರಿಯಿಂದ, ಎಂದರೆ ಹಿಡಿ ಇರುವ ಚೂಪು ಮೊಳೆಯಿಂದ, ಒಂದು ತೂತು ಕೊರೆದು ಬಲಗೈಯ ಸೂಜಿಯನ್ನು ಆ ಕಡೆಗೆ, ಎಡಗೈಯ ಸೂಜಿಯನ್ನು ಅದೇ ತೂತಿನಿಂದ ಈ ಕಡೆಗೆ ದಾಟಿಸಿ, ಎರಡೂ ತೋಳು ಚಾಚಿ ಎಳೆದರು. ಮತ್ತೆ ಮುಂದಿನ ತೂತು. ಅವರು ಹೇಳುವ ಎರಡು ಸೂಜಿ ಇದು. ಇದರ ಇಂಗ್ಲಿಷ್ ಹೆಸರನ್ನು ನಾನು ಡಿಪ್ಲೊಮಾದ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಕೈಯಿಂದ ಮಾಡಿರಲಿಲ್ಲ, ಆದ್ದರಿಂದ ಗುರುತು ಹತ್ತಲಿಲ್ಲ.

ಯಂತ್ರದಲ್ಲಿ ಮೇಲಿನ ದಾರ ಮೇಲೇ, ಕೆಳಗಿನ ದಾರ ಕೆಳಗೇ. ಚರ್ಮದ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿ ಹಿಂದಿರುಗುತ್ತವೆ. ಒಂದು ಸವೆದು ಹೋದರೆ ಇನ್ನೊಂದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಕೈಹೊಲಿಗೆಯಲ್ಲಿ ಪ್ರತಿ ತೂತಿನಲ್ಲೂ ದಾರ ಎರಡು ಸಲ ದಾಟಿ ಬಿಗಿದು ಕೂತಿರುತ್ತದೆ. ಒಂದು ಹೊಲಿಗೆ, ನಾವು ಟಾಕಿ ಎನ್ನುವುದು, ಹರಿದರೂ ಪಕ್ಕದ್ದು ತನ್ನಷ್ಟಕ್ಕೆ ತಾನು ಹಿಡಿದಿರುತ್ತದೆ. ನಾನು ಹಾಕಿದ ಎರಡನೇ ಸಾಲು ಬಲ ಕೊಡಲಿಲ್ಲ, ಇನ್ನೊಂದಿಷ್ಟು ತೂತು ಕೊಟ್ಟಿತು. ಹತ್ತಿರ ಹತ್ತಿರ ಹೊಲಿದ ನನ್ನ ಜಾಣತನ ಚರ್ಮವನ್ನು ಹರಿಯಲು ಗೆರೆ ಎಳೆದು ಕೊಟ್ಟಂತಾಗಿತ್ತು. ಬಸ್ಸಿನಲ್ಲಿ ಕೂತು ಬರುವಾಗ ನನಗೆ ನಾಚಿಕೆಯಿಂದ ಮುಖ ಸುಡುತ್ತಿತ್ತು. ಉಳಿದ ಮೂವತ್ತೊಂಬತ್ತು ಚೀಲಗಳು ಆ ಹೊತ್ತಿನಲ್ಲೂ ಮೇಲೆ ಇದ್ದವು.

ಮರುದಿನ ಕಟ್ಟಡದ ಬಳಿಗೆ ಹೋದೆ. ಅಲ್ಲಿನ ಎಂಜಿನಿಯರು ಒಳ್ಳೆಯ ಮನುಷ್ಯ, ಗಡಿಬಿಡಿಯವನು. “ರಿವೆಟ್ ಹೊಡೆದು ಕೊಡಿ ಮೇಡಂ, ಅರ್ಧ ದಿನದ ಕೆಲಸ,” ಎಂದ. ನನಗೂ ಆಸೆಯಾಯಿತು. ಹರಿದ ಚೀಲದ ಅಂಚಿಗೆ ಆರು ತಾಮ್ರದ ರಿವೆಟ್ ಹೊಡೆದು, ಸಾಮಾನು ತುಂಬಿ ನಮ್ಮ ಬಾಗಿಲ ಚಿಲಕಕ್ಕೆ ತೂಗುಹಾಕಿದೆ. ಹೋಗುವಾಗ ಬರುವಾಗ ಬಾಗಿಲನ್ನು ಬೇಕೆಂದೇ ಜೋರಾಗಿ ಬಡಿದೆ. ಸಂಜೆಯ ಹೊತ್ತಿಗೆ ರಿವೆಟ್‌ಗಳ ನಡುವೆ ಚರ್ಮ ಬಾಯಿಬಿಟ್ಟು ಒಂದು ತಿರುಪು ಜಾರಿ ಬಿತ್ತು. ಅರ್ಧ ಬೆರಳುದ್ದದ ತಿರುಪು. ಆರನೇ ಮಹಡಿಯಿಂದ ಬಿದ್ದರೆ ಅದೂ ಸಾಕು.

ಅಲ್ಲಿಗೆ ನಿರ್ಧಾರವಾಯಿತು. ಕೈಹೊಲಿಗೆಯ ಬಲವನ್ನು ಕಣ್ಣಾರೆ ಕಂಡ ಮೇಲೆ ಬಲಹೀನವಾದದ್ದನ್ನು ಆರಿಸುವ ಮಾತೇ ಇಲ್ಲ. ಎಲ್ಲ ಚೀಲವೂ ವಾಪಸ್ಸು ಬರಬೇಕು, ಎಲ್ಲವನ್ನೂ ಕೈಯಲ್ಲಿ ಹೊಲಿಯಬೇಕು. ಲ್ಯಾಪ್‌ಟಾಪ್ ಚೀಲದವರಿಗೆ ತಡವಾಗುತ್ತದೆಂದು ಫೋನು ಮಾಡಿದೆ. ಇಬ್ಬರು ಬೇರೆ ಕಡೆ ಹೋದರು, ಹೋಗಲಿ ಎಂದೆ.

ಮೇಸ್ತ್ರಿ ತಲೆ ಕೆರೆದುಕೊಂಡ. “ಎಲ್ಲಾ ತಗೊಂಡು ಹ್ವಾದ್ರ ನಾವ್ ಕೆಲಸ ಹ್ಯಾಂಗ್ ಮಾಡೋಣ್ರಿ?”

“ಬಕೀಟಿನಾಗ ಇಟ್ಟು ಹಗ್ಗದಿಂದ ಏರಸ್ರಿ. ಸುತ್ತಿಗೀಗೆ ದಾರ ಕಟ್ಟಿ ಮುಂಗೈಗೆ ಸುತಗೋರಿ. ನಿಧಾನ ಆಗತೈತಿ, ಆಗಲಿ.”

ಗೋಣಿಚೀಲದಲ್ಲಿ ಮೂವತ್ತೆಂಟು ಬಂದವು, ನನ್ನಲ್ಲಿದ್ದ ಹರಿದದ್ದೂ ಸೇರಿ ಮೂವತ್ತೊಂಬತ್ತು. ತನ್ನದನ್ನು ಮೇಸ್ತ್ರಿ ಕೊಡಲಿಲ್ಲ. “ನಂದು ಕಡೀಕ ಮಾಡ್ರಿ. ನಾ ಮ್ಯಾಲ ಹತ್ತಂಗಿಲ್ಲ, ಕೆಳಗ ನಿಂತು ಕೆಲಸ ಹೇಳಾಂವ,” ಎಂದ. ಆ ಗೋಣಿಚೀಲದ ಹಿಂದೆ, ಕೈಗೆ ಜೋಳಿಗೆ ಕಟ್ಟಿಕೊಂಡ ಅವನ ಹೆಂಡತಿ ಬಂದಳು. ಹೊರೆ ಹೊರಲು ಆಗದ್ದರಿಂದ ಅವಳಿಗೆ ಕೆಲಸವಿರಲಿಲ್ಲ.

ನಾನು ಅವಳ ಮುಂದೆ ನಿಂತು ತಪ್ಪಾಯಿತು ಎಂದೆ. ಹೇಳಲೇಬೇಕೆಂದು ಮೊದಲೇ ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ, ಬಂದದ್ದು ಅದೊಂದೇ.

“ನೀವೇನು ಬೇಕಂತ ಮಾಡೀರೇನ್ರಿ? ಮಾತು ಒಂದ ಇತ್ತು, ಅರ್ಥ ಎರಡ ಆದುವು,” ಎಂದಳು. ಜೋಳಿಗೆಯ ಗಂಟು ಸರಿಮಾಡಿಕೊಳ್ಳುತ್ತ, “ಆದ್ರ ಅಕ್ಕಾರ, ಆ ಗ್ವಾಡಿ ಬುಡಕ ಹೋಗಬೇಕಂದ್ರ ನನಗ ಎದಿ ಹಾರತೈತ್ರಿ. ಉಸುಕು ಇರೂದೂ ಅಲ್ಲೇ, ನಾ ಬ್ಯಾರೆ ಕಡೆ ಎಲ್ಲಿ ಹೋಗ್ಲಿ?” ಎಂದಳು. ಆ ಮಾತಿನ ನಂತರ ಅದು ನನಗೆ ನಲವತ್ತು ಚೀಲದ ಕೆಲಸವಾಗಿ ಉಳಿಯಲಿಲ್ಲ. ಇವಳು ಆ ಗೋಡೆಯ ಬುಡದಲ್ಲಿ ಹೆದರದೆ ಓಡಾಡಬೇಕು, ಅಷ್ಟೇ ನನ್ನ ಲೆಕ್ಕ.

ಉಸ್ತಾದರನ್ನು ದಿನಾ ಆಟೋದಲ್ಲಿ ಕರೆತಂದೆ. ಮೊದಲ ಅಡ್ಡಿ ಮೊದಲ ದಿನವೇ ಎದುರಾಯಿತು. ಯಂತ್ರದ ತೂತುಗಳಿದ್ದ ಅಂಚಿನಲ್ಲಿ ಮತ್ತೆ ಹೊಲಿಯುವಂತಿರಲಿಲ್ಲ, ಅದನ್ನು ಅರ್ಧ ಅಂಗುಲ ಕತ್ತರಿಸಿ ಎಸೆಯಬೇಕು. ಕತ್ತರಿಸಿದೆ. ಒಂದು ಚೀಲ ಜೋಡಿಸಿ ನೋಡಿದರೆ ಪಾನಾ ಒಳಗೆ ಇಳಿಯುತ್ತಿಲ್ಲ. ಹೊಸ ಚರ್ಮವೆಂದರೆ ಮತ್ತೆ ವಾರ ಕಾಯಬೇಕು. ಉಸ್ತಾದ್ ನನ್ನ ಕತ್ತರಿಕೆಯ ಚೂರುಗಳ ಬುಟ್ಟಿಗೆ ಕೈಹಾಕಿ, ಬೆರಳಗಲದ ಪಟ್ಟಿಗಳನ್ನು ಎಳೆದು ತೆಗೆದು, “ಬೀಚ್ ಮೇಂ ಡಾಲೋ,” ಎಂದರು. ಎರಡು ಅಂಚುಗಳ ನಡುವೆ ಪಟ್ಟಿ ಸೇರಿಸಿದರೆ ಕಳೆದ ಅಗಲವೂ ಮರಳಿತು, ಪಾನಾದ ಚೂಪು ತುದಿ ನೇರವಾಗಿ ದಾರಕ್ಕೆ ತಾಗುವುದೂ ತಪ್ಪಿತು. ಜೀನಿಗೂ ಹಾಗೇ ಹಾಕುತ್ತಾರಂತೆ.

ನನ್ನ ಕೈ ಕಲಿಯಲು ಹಟ ಮಾಡಿತು. ಅಂಗುಲಕ್ಕೆ ಆರೇ ಟಾಕಿ. ಆರಿಯನ್ನು ಪ್ರತಿ ಸಲವೂ ಒಂದೇ ಓರೆಯಲ್ಲಿ ಇಳಿಸಬೇಕು. ಜೇನುಮೇಣ ಸವರಿದ ದಾರ ಬೆರಳ ಸಂದಿಯನ್ನು ಕೊಯ್ಯುತ್ತದೆ. ಒಂದು ಟಾಕಿ ಬಿಗಿ, ಒಂದು ಸಡಿಲ ಬಂದರೆ ಉಸ್ತಾದ್ ಬೆರಳಾಡಿಸಿ ಕಂಡುಹಿಡಿದು, “ನಕ್ಕೋ, ಖೋಲ್,” ಎಂದು ಬಿಚ್ಚಿಸುತ್ತಿದ್ದರು. ನನ್ನ ಮೊದಲ ಚೀಲಕ್ಕೆ ಎರಡು ದಿನ ಹಿಡಿಯಿತು. ನಾನು ಸಿಟ್ಟಿನಲ್ಲಿ ಆರಿಯನ್ನು ಮೇಜಿಗೆ ಕುಟ್ಟಿದೆ. ಅವರು ಚಹಾ ತರಿಸಿದರು. ಬಿಚ್ಚುವುದು ಮಾತ್ರ ತಪ್ಪಲಿಲ್ಲ.

ಮೇಸ್ತ್ರಿಯ ಹೆಂಡತಿ ಮೊದಲು ಒಂದೇ ಕೈಯಲ್ಲಿ ದಾರಕ್ಕೆ ಮೇಣ ಹಚ್ಚುತ್ತಿದ್ದಳು. ಹತ್ತು ದಿನದ ಮೇಲೆ ಜೋಳಿಗೆ ಬಿಚ್ಚಿ, “ನಾನೂ ಒಂದೀಟ ನೋಡ್ತೀನ್ರಿ,” ಎಂದು ಇಕ್ಕಳದ ಮುಂದೆ ಕೂತಳು. ಊರಲ್ಲಿ ಕೌದಿ ಹೊಲಿದ ಕೈ. ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಎಷ್ಟು ಕೌದಿ ಹೊಲಿದಿದ್ದಳೋ, ಅವಳ ಟಾಕಿಗಳು ಮೊದಲ ಸಾಲಿನಿಂದಲೇ ಸಮ ಬಂದವು. ನನಗೆ ಹೊಟ್ಟೆಕಿಚ್ಚಾಯಿತು, ಯಾಕೆ ಸುಳ್ಳು ಹೇಳಲಿ.

ಆದರೆ ಆ ಕೌದಿಯ ಕೈಯೇ ಅವಳನ್ನು ಕೆಡಿಸಿತು. ಕೌದಿ ಹೊಲಿಯುವವರು ಸೂಜಿ ಸಲೀಸಾಗಿ ಬಂದ ಕಡೆಯಿಂದ ಹಾಕುತ್ತಾರೆ. ಅವಳು ಒಂದು ತೂತಿಗೆ ಬಲಸೂಜಿ ಮೊದಲು, ಇನ್ನೊಂದಕ್ಕೆ ಎಡಸೂಜಿ ಮೊದಲು ದಾಟಿಸುತ್ತಿದ್ದಳು. ಮುಂದೆ ಚೆಂದ, ಹಿಂದೆ ಸೊಟ್ಟ. ಉಸ್ತಾದ್ ಹಿಂಬದಿಯನ್ನು ಸವರಿ, “ಆಗೇ ಶಾದಿ, ಪೀಛೇ ಝಗಡಾ,” ಎಂದರು. ಮುಂದೆ ಮದುವೆ, ಹಿಂದೆ ಜಗಳ. ಅವಳಿಗೆ ಹಿಂದಿ ಅಷ್ಟಕ್ಕಷ್ಟೇ, ಈ ಮಾತು ಮಾತ್ರ ಚೆನ್ನಾಗಿ ಅರ್ಥವಾಗಿ ಬಿದ್ದು ಬಿದ್ದು ನಕ್ಕಳು. ಇನ್ನೊಂದು, ಸಾಲು ಮುಗಿದ ಕಡೆ ಅವಳು ಗಂಟು ಹಾಕುತ್ತಿದ್ದಳು. ಚರ್ಮದಲ್ಲಿ ಗಂಟು ಉಬ್ಬಿ ನಿಂತು ಮೊದಲು ಸವೆಯುವುದೇ ಅದು.

“ಗಂಟ ಹಾಕಲಿಲ್ಲಂದ್ರ ಹ್ಯಾಂಗ್ ನಿಂದರತೈತ್ರಿ?”

ಮೂರು ತೂತು ಹಿಂದಕ್ಕೆ ಹೊಲಿದು ಬಂದು ದಾರವನ್ನು ನೇರ ಕತ್ತರಿಸುವುದನ್ನು ಉಸ್ತಾದ್ ತೋರಿಸಿದರು. ಅವಳು ನಂಬಲಿಲ್ಲ. ಚೀಲದ ಮೇಲೆ ಕಾಲಿಟ್ಟು ಕಬ್ಬಿಣದ ಇಕ್ಕಳದಿಂದ ದಾರದ ತುದಿಯನ್ನು ಹಿಡಿದು ಎಳೆದಳು, ಹಲ್ಲು ಕಚ್ಚಿ ಎಳೆದಳು. ಬರಲಿಲ್ಲ. ಅಂದಿನಿಂದ ಗಂಟು ಬಿಟ್ಟಳು.

ನಾನು ಆರಿ ಹಿಡಿದು ತೂತು ಕೊರೆಯುವುದು, ಅವಳು ಹೊಲಿಯುವುದು, ಉಸ್ತಾದ್ ಹೊಲಿಯುತ್ತಲೇ ಇಬ್ಬರನ್ನೂ ತಿದ್ದುವುದು, ಹೀಗೆ ಕೆಲಸ ಒಂದು ನಡೆಗೆ ಬಂತು. ಕೈಹೊಲಿಗೆ ಎಂದಾಕ್ಷಣ ಕೈಮುಗಿಯುವವರನ್ನು ಕಂಡರೆ ನನಗೆ ಈಗಲೂ ನಗು ಬರುತ್ತದೆ. ಚೀಲದ ಒಳಜೇಬು, ಒಳಪದರದ ಅಸ್ತರು, ಜಿಪ್ಪು ಇವನ್ನೆಲ್ಲ ನಾನು ಯಂತ್ರದಲ್ಲೇ ಹೊಲಿಯುತ್ತೇನೆ, ಅಲ್ಲಿ ಅದೇ ಸರಿ. ನಾನು ಸರಿಯಾದ ಅಂತರ, ಸರಿಯಾದ ದಾರ ಇಟ್ಟಿದ್ದರೆ ಆ ಯಂತ್ರವೂ ಇಷ್ಟು ಬೇಗ ಕೈಕೊಡುತ್ತಿರಲಿಲ್ಲ. ಆದರೆ ಒಂದು ಟಾಕಿ ಹರಿದಾಗ ಏನಾಗುತ್ತದೆ ಎಂಬ ಪ್ರಶ್ನೆ ಜೀವಕ್ಕೆ ಸಂಬಂಧಪಟ್ಟಿದ್ದರೆ, ಉತ್ತರ ಕೈಹೊಲಿಗೆಯಲ್ಲೇ ಇದೆ. ಅದನ್ನು ಪರೀಕ್ಷಿಸದೆ ಕಳಿಸುವ ಧೈರ್ಯ ನನಗಿರಲಿಲ್ಲ. ಹೊಲಿದ ಒಂದು ಚೀಲದ ತಳದಲ್ಲಿ ಎರಡು ಟಾಕಿಯನ್ನು ಬ್ಲೇಡಿನಿಂದ ಕೊಯ್ದು, ಸಾಮಾನು ತುಂಬಿ, ಅದೇ ಬಾಗಿಲಿಗೆ ಮೂರು ದಿನ ತೂಗುಹಾಕಿದೆ. ಬಾಗಿಲು ಬಡಿದು ಬಡಿದು ಪಕ್ಕದ ಮನೆಯವರು ಕೇಳಲು ಬಂದರು. ಮೂರನೇ ಟಾಕಿ ಅಲುಗಲಿಲ್ಲ.

ಕೊಯ್ದದ್ದನ್ನೂ ಮತ್ತೆ ಹೊಲಿದು ಮೂವತ್ತೊಂಬತ್ತೂ ಮುಗಿದ ದಿನ ಮೇಸ್ತ್ರಿಯ ಹೆಂಡತಿಯೂ ನಾನೂ ಅವನ್ನು ತುಂಬಿಕೊಂಡು ಕಟ್ಟಡದ ಬಳಿ ಹೋದೆವು. ಮೇಸ್ತ್ರಿಯ ಚೀಲಕ್ಕೆಂದು ಕತ್ತರಿಸಿ ತೂತು ಕೊರೆದಿಟ್ಟ ಚರ್ಮವೂ, ಇಕ್ಕಳವೂ, ಸೂಜಿ, ದಾರ, ಬ್ಲೇಡೂ ಜೊತೆಗಿದ್ದವು. ಕೆಳಗಿದ್ದವರಿಗೆ ಹಂಚುತ್ತಿರುವಾಗ ಅವಳು ತಲೆಯೆತ್ತಿ ನೋಡಿ ಹಾಗೇ ನಿಂತಳು. ಐದನೇ ಮಹಡಿಯ ಸಾರವೆಯ ಮೇಲೆ ಮೇಸ್ತ್ರಿ. ಸೊಂಟದಲ್ಲಿ ನನ್ನ ಯಂತ್ರದ ಚೀಲ. ಕೆಳಗೆ, ಅವನ ನೇರಕ್ಕೆ, ಇನ್ನೊಬ್ಬ ಹೆಂಗಸು ಉಸುಕು ತುಂಬುತ್ತಿದ್ದಳು.

ಅವಳು ಕೂಗಿದ ಕೂಗಿಗೆ ಇಡೀ ಕಟ್ಟಡ ಕೆಲಸ ನಿಲ್ಲಿಸಿತು. ಮೇಸ್ತ್ರಿ ಇಳಿದು ಬಂದ, ಮುಖದಲ್ಲಿ ಕಳ್ಳನಗೆ.

“ಜನ ಕಮ್ಮಿ ಬಿದ್ದಿದ್ರು, ಅದಕ್ಕ ಹತ್ತಿದ್ನಿ. ನಂದು ಗಟ್ಟಿ ಐತಿ, ಏನೂ ಆಗಿಲ್ಲ ನೋಡು.”

“ಬಿಚ್ಚು,” ಎಂದಳು.

ಅವನು ಚೀಲ ಬಿಚ್ಚಿಕೊಟ್ಟ, ಸಾಮಾನು ಅದರಲ್ಲೇ ಇತ್ತು. ಅವಳು ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು ಅಂಚಿನ ಎರಡು ಸಾಲಿನಲ್ಲೂ ಒಂದೊಂದು ಟಾಕಿ ಕೊಯ್ದಳು. ಹಿಂಬದಿಯ ದಾರಗಳ ತುದಿಯನ್ನು ಉಗುರಿನಿಂದ ಎಬ್ಬಿಸಿ, ಎರಡನ್ನೂ ಬೆರಳಿಗೆ ಸುತ್ತಿಕೊಂಡು ಎಳೆದಳು. ಸರ್ರನೆ ತಳದವರೆಗೆ ಬಂತು. ಸುತ್ತಿಗೆ, ಪಾನಾ, ಹಿಡಿಯಷ್ಟು ತಿರುಪು ಎಲ್ಲವೂ ಅವನ ಕಾಲ ಬಳಿ ಬಿದ್ದವು. ನನ್ನ ಕೈಯ ಕೆಲಸ ಹಾಗೆ ಬಾಯ್ತೆರೆದು ಬಿದ್ದದ್ದನ್ನು ನೋಡಿ ನನಗೆ ಅಳು ಬಂತು, ತಡೆಯಲಿಲ್ಲ.

“ಇವತ್ತ ನೀ ಉಸುಕು ಹೊರು,” ಎಂದಳು ಗಂಡನಿಗೆ. “ನಿಂದು ನಾ ಹೊಲೀತೀನಿ. ಹೊಲಿದು ಕೊಡೂತನಕ ಮ್ಯಾಲ ಕಾಲ ಇಡಬ್ಯಾಡ.”

ಅವನು ಎಂಜಿನಿಯರ ಕಡೆ ನೋಡಿದ. ಎಂಜಿನಿಯರು ಗಡಿಯಾರ ನೋಡಿಕೊಂಡು ಬೇರೆ ಕಡೆ ಹೋದ. ಮೇಸ್ತ್ರಿ ಹೆಂಡತಿಯ ಸಿಂಬಿಯನ್ನು ತಲೆಗಿಟ್ಟುಕೊಂಡು ಬುಟ್ಟಿ ಎತ್ತಿದ. ಅವನ ಹುಡುಗರು ಮೇಲಿನಿಂದ ಸಿಳ್ಳೆ ಹಾಕಿದರು. ಅವಳು ಗೋಡೆಯ ಬುಡದಲ್ಲಿ, ಸಿಮೆಂಟಿನ ಚೀಲಗಳ ಮೇಲೆ, ಇಕ್ಕಳವನ್ನು ಮೊಣಕಾಲಲ್ಲಿ ಒತ್ತಿಕೊಂಡು ಕೂತಳು. ಮೇಲೆ ಹೊಸ ಚೀಲ ಕಟ್ಟಿಕೊಂಡವರು ಓಡಾಡುತ್ತಿದ್ದರು. ಅವಳ ಕಣ್ಣು ಹೊಲಿಗೆಯಿಂದ ಏಳಲಿಲ್ಲ. ಬಲಸೂಜಿ, ಎಡಸೂಜಿ, ಎರಡೂ ತೋಳು ಚಾಚಿ ಒಂದು ಎಳೆತ. ಎಡ ಹೆಗಲು ನೋಯುತ್ತಿದ್ದುದು ಅವಳ ತುಟಿಯಲ್ಲಿ ಕಾಣುತ್ತಿತ್ತು. ನಾನು ಹೊಲಿಯಲೇ ಎಂದೆ, ಬೇಡ ಎಂದು ತಲೆಯಾಡಿಸಿದಳು. ನಾನು ದಾರಕ್ಕೆ ಮೇಣ ಹಚ್ಚಿ ಹಚ್ಚಿ ಕೊಟ್ಟೆ.

ಬಿಸಿಲು ಇಳಿಯುವ ಹೊತ್ತಿಗೆ ಮೇಸ್ತ್ರಿ ಬುಟ್ಟಿ ಬೋರಲು ಹಾಕಿ, ಕತ್ತು ಹಿಸುಕಿಕೊಳ್ಳುತ್ತ ಬಂದು ಅವಳ ಮುಂದೆ ನೆಲದ ಮೇಲೆ ಕುಳಿತ.

“ಆತೇನು?”

“ಇನ್ನಾ ಎಂಟ ಟಾಕಿ ಐತಿ.”

ಅವನು ಕಾದ.